ಹರಾಜಿನ ಲೆಕ್ಕ, ಚರಿತ್ರೆಯ ಲೆಕ್ಕ

2014ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನಡೆದ ಹರಾಜಿನಲ್ಲಿ 1971ರ ಪ್ಲಿಮತ್ ಹೆಮಿ ಕುಡಾ ಕನ್ವರ್ಟಿಬಲ್ ಒಂದು 35 ಲಕ್ಷ ಡಾಲರಿಗೆ ಹೋಯಿತು. ದೊಡ್ಡ ಎಂಜಿನ್ನಿನ ಮಸಲ್ ಕಾರುಗಳ ಕಾಲವನ್ನೇ ಆರಂಭಿಸಿತೆಂದು ಹೆಸರಾದ 1964ರ ಪಾಂಟಿಯಾಕ್ ಜಿಟಿಒ ಆ ಬೆಲೆಯ ಹತ್ತಿರವೂ ಸುಳಿಯುವುದಿಲ್ಲ. ಸಂಗ್ರಾಹಕರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ: ಹೆಮಿ ಎಂಜಿನ್ನಿನ ಕುಡಾ ಕನ್ವರ್ಟಿಬಲ್ ಆ ವರ್ಷ ತಯಾರಾದದ್ದೇ ಹನ್ನೊಂದೋ ಹನ್ನೆರಡೋ, ಜಿಟಿಒ ಮೊದಲ ವರ್ಷವೇ 32,450 ಮಾರಾಟವಾಯಿತು. ಆದರೆ ಕುಡಾ ಅಷ್ಟು ಕಡಿಮೆ ಇರುವುದು ಕಂಪನಿ ಬೇಕೆಂದೇ ಮಿತಿ ಹಾಕಿದ್ದರಿಂದಲ್ಲ, ಕೊಳ್ಳುವವರು ಬರದೇ ಇದ್ದದ್ದರಿಂದ. ಹೆಮಿ ಬೇಕೆಂದರೆ ಕಾರಿನ ಬೆಲೆಯ ಮೇಲೆ ಸುಮಾರು 880 ಡಾಲರ್ ತೆರಬೇಕಿತ್ತು. ಅದರ ಮೇಲೆ ಯುವಕರ ಕೈಗೆ ಎಟುಕದ ವಿಮಾ ಕಂತು. ಹೊಗೆ ನಿಯಂತ್ರಣದ ಕಾನೂನು ಬೇರೆ ಬಂದಿತ್ತು. ಇಂದು ಕೋಟಿಗಟ್ಟಲೆ ಬೆಲೆ ಬಾಳುವುದು ಅಂದಿನ ಮಾರಾಟದ ಸೋಲೇ.

ಜಿಟಿಒ ಹುಟ್ಟಿದ್ದು ಬೇರೆಯದೇ ರೀತಿಯಲ್ಲಿ. ಮಧ್ಯಮ ಗಾತ್ರದ ಕಾರಿಗೆ 330 ಘನ ಅಂಗುಲಕ್ಕಿಂತ ದೊಡ್ಡ ಎಂಜಿನ್ ಕೂಡದೆಂದು ಜನರಲ್ ಮೋಟಾರ್ಸ್ ಕಟ್ಟಳೆ ಮಾಡಿತ್ತು. ಆ ಕಂಪನಿಯದೇ ವಿಭಾಗವಾದ ಪಾಂಟಿಯಾಕ್‌ನ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತವರ ಸಂಗಡಿಗರು ದೊಡ್ಡ ಕಾರುಗಳ 389 ಘನ ಅಂಗುಲದ ಎಂಜಿನ್ನನ್ನು ಟೆಂಪೆಸ್ಟ್ ಲೆಮಾನ್ಸ್‌ಗೆ ಕೂರಿಸಿ, ಅದನ್ನು ಹೊಸ ಮಾದರಿ ಎನ್ನದೆ 300 ಡಾಲರಿಗೂ ಕಡಿಮೆ ಬೆಲೆಯ ಆಯ್ಕೆ ಎಂದು ಪಟ್ಟಿಗೆ ಸೇರಿಸಿದರು. ಮೇಲಿನವರಿಗೆ ವಿಷಯ ತಿಳಿಯುವಷ್ಟರಲ್ಲಿ ಆರ್ಡರುಗಳು ಬಂದಾಗಿತ್ತು. ಬೇರೆ ಕಂಪನಿಗಳೂ ಇದೇ ಜಾಡು ಹಿಡಿದವು; ಚರಿತ್ರೆಯ ಲೆಕ್ಕದಲ್ಲಿ ಹೆಚ್ಚು ತೂಗುವುದು ಜಿಟಿಒವೇ.

ಎಂಜಿನ್ನಿನ ಸತ್ವ ನೋಡಿದರೆ ಹೆಮಿಯೇ ಮೇಲು ಎಂಬ ವಾದವನ್ನು ಒಪ್ಪಲೇಬೇಕು. 1964ರ ಡೇಟೋನಾ ಸ್ಪರ್ಧೆಯಲ್ಲಿ ರಿಚರ್ಡ್ ಪೆಟ್ಟಿ ಗೆದ್ದದ್ದು ಇದೇ ಎಂಜಿನ್ನಿನ ಪ್ಲಿಮತ್‌ನಲ್ಲಿ. ಮೊದಲ ಮೂರು ಸ್ಥಾನವೂ ಪ್ಲಿಮತ್‌ಗಳದ್ದೇ. ಆದರೆ ಆ ಕೀರ್ತಿ ಏಳು ವರ್ಷ ಕಳೆದು ಬಂದ ಕನ್ವರ್ಟಿಬಲ್‌ನ ಸಂಪಾದನೆಯಲ್ಲ, ಪಿತ್ರಾರ್ಜಿತ. ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಕುಡಾದ ಚಾಸಿಸ್ ನಂಬರಿನಲ್ಲೇ ಹೆಮಿಯ ಗುರುತಾಗಿ ಆರ್ ಅಕ್ಷರವಿರುತ್ತದೆ. 1964ರ ಜಿಟಿಒದ ನಂಬರು ಅದು ಜಿಟಿಒ ಎಂದು ಹೇಳುವುದೇ ಇಲ್ಲ. ಸಾಧಾರಣ ಲೆಮಾನ್ಸ್‌ಗೆ ಬ್ಯಾಡ್ಜು ಅಂಟಿಸಿ ಮಾರುವವರಿಗೆ ಇದೇ ಅನುಕೂಲ. ಆದರೆ ನಂಬರಿನಲ್ಲಿ ಗುರುತಿಲ್ಲದಿರುವುದು ಕಟ್ಟಳೆ ತಪ್ಪಿಸಲು ಜಿಟಿಒವನ್ನು ಬರೀ ಆಯ್ಕೆ ಎಂದು ಕರೆದದ್ದರ ಫಲ; ಪ್ರತ್ಯೇಕ ಮಾದರಿಯಾದದ್ದು 1966ರಲ್ಲಿ. ಆದ್ದರಿಂದ ಚರಿತ್ರೆಗಾಗಿ ಕೊಳ್ಳುವವರು ಮೊದಲೆರಡು ವರ್ಷದ ಜಿಟಿಒವನ್ನೇ ಹುಡುಕಬೇಕು. ಬಣ್ಣ, ಬ್ಯಾಡ್ಜು ನೋಡುವ ಮೊದಲು ಕಾರ್ಖಾನೆಯ ಇನ್‌ವಾಯ್ಸ್ ಕೇಳಬೇಕು.