ಹುಳುಮನೆಯಿಂದ ಕೂಸಿನ ಮನೆಯವರೆಗೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಲ್ಲಿ ದುಡಿಮೆಯೂ ಮಕ್ಕಳು-ಮುದುಕರ ಆರೈಕೆಯೂ ಬಹುಕಾಲ ಒಂದೇ ಸೂರಿನಡಿ ನಡೆದುಬಂದವು. ಅದಕ್ಕೆ ಮುಖ್ಯ ಕಾರಣ ರೇಷ್ಮೆ. 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿ ಮೈಸೂರು ರಾಜ್ಯಕ್ಕೆ ಬಂದ ಈ ಕಸುಬು, ಬೆಂಗಳೂರು-ಮೈಸೂರು ದಾರಿಯ ಈ ಸೀಮೆಯಲ್ಲಿ ಗಟ್ಟಿಯಾಗಿ ಬೇರೂರಿತು. 1896ರಲ್ಲಿ ಜೆಮ್‌ಶೆಟ್‌ಜಿ ಟಾಟಾ ಜಪಾನೀ ತಜ್ಞರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಕ್ಷೇತ್ರ ತೆರೆದರು. 1910ರ ದಶಕದಲ್ಲಿ ಮೈಸೂರು ಸರ್ಕಾರ ಇಟಲಿಯ ವಾಷಿಂಗ್ಟನ್ ಮಾರಿ ಎಂಬ ತಜ್ಞನನ್ನು ಕರೆಸಿಕೊಂಡಿತು. ಚನ್ನಪಟ್ಟಣದಲ್ಲಿ ಸರ್ಕಾರಿ ಕ್ಷೇತ್ರವೂ ಆಯಿತು. ಈ ಪ್ರಯತ್ನಗಳಿಂದ ಮೊಟ್ಟೆ ಸುಧಾರಿಸಿತು, ತಳಿ ಸುಧಾರಿಸಿತು. ಹುಳು ಮಾತ್ರ ರೈತನ ಮನೆಯ ಒಳಗೇ ಉಳಿಯಿತು.

ಹಳೆಯ ಪದ್ಧತಿಯಲ್ಲಿ ಹುಳುವಿಗೆಂದು ಬೇರೆ ಕಟ್ಟಡ ಇರಲಿಲ್ಲ. ನಡುಮನೆಯಲ್ಲೋ ಪಡಸಾಲೆಯಲ್ಲೋ ಸ್ಟ್ಯಾಂಡು ನಿಲ್ಲಿಸಿ ಬಿದಿರಿನ ತಟ್ಟೆಗಳನ್ನು ಅಂತಸ್ತಾಗಿ ಜೋಡಿಸುತ್ತಿದ್ದರು. ಇರುವೆ ಹತ್ತದಂತೆ ಕಾಲುಗಳ ಕೆಳಗೆ ನೀರಿನ ಬಟ್ಟಲು. ನೂರು ಮೊಟ್ಟೆಯ (ಇಲ್ಲಿ ಒಂದು ‘ಮೊಟ್ಟೆ’ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು) ಒಂದು ಬೆಳೆ ಎಂದರೆ ನಲವತ್ತರಿಂದ ಐವತ್ತು ಸಾವಿರ ಹುಳು. ಚಾಕಿ ಹುಳುವಿಗೆ, ಎಂದರೆ ಮರಿಹುಳುವಿಗೆ, ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಬೇಕು. ನಾಲ್ಕು ಬಾರಿ ಜ್ವರಕ್ಕೆ ಕೂರುವ ಹುಳು ಪ್ರತಿ ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ. ಆಗ ಸೊಪ್ಪು ಹಾಕಬಾರದು, ಎದ್ದ ಕೂಡಲೇ ಹಾಕದೆ ಇರಬಾರದು. ನಾಲ್ಕನೆಯ ಜ್ವರ ಕಳೆದ ಮೇಲಿನ ಒಂದು ವಾರದಲ್ಲಿ ಅದು ಇಡೀ ಬೆಳೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಸೊಪ್ಪು ತಿಂದು ಮುಗಿಸುತ್ತದೆ. ದಿನಕ್ಕೆ ನಾಲ್ಕೈದು ಸಲ ಮೇವು, ಅದರಲ್ಲಿ ಒಂದು ನಡುರಾತ್ರಿ. ಹಿಕ್ಕೆ ತೆಗೆಯುವುದು, ಕಾಯಿಲೆ ಹುಳು ಆರಿಸಿ ಎಸೆಯುವುದು, ಒಗ್ಗರಣೆಯ ಘಾಟು, ಬೀಡಿ ಹೊಗೆ ತಟ್ಟದಂತೆ ಕಾಯುವುದು, ಎಲ್ಲವೂ ಹೆಚ್ಚಾಗಿ ಹೆಂಗಸರ ಪಾಲು. ಮಾಗಡಿ-ಕುಣಿಗಲ್ ಕಡೆ ಮೈಸೂರು ತಳಿಯ ಬಿತ್ತನೆ ಗೂಡು ಬೆಳೆಯುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕಿತ್ತು, ಏಕೆಂದರೆ ಅಲ್ಲಿ ಕೆಟ್ಟ ಒಂದು ಬೆಳೆ ಮುಂದಿನ ಎಷ್ಟೋ ಮನೆಗಳ ಮೊಟ್ಟೆಯನ್ನು ಕೆಡಿಸಬಲ್ಲದು.

ಮನೆಯಲ್ಲೇ ಕೆಲಸ ಇದ್ದುದರಿಂದ ತಾಯಿ ಮಗುವನ್ನು ಬಿಟ್ಟು ಹೋಗಬೇಕಿರಲಿಲ್ಲ. ತೊಟ್ಟಿಲು ಒಂದು ಮೂಲೆಯಲ್ಲಿ, ತಟ್ಟೆ ಇನ್ನೊಂದು ಮೂಲೆಯಲ್ಲಿ. ಇದನ್ನು ನೆಮ್ಮದಿಯ ಏರ್ಪಾಡು ಎಂದು ಬಣ್ಣಿಸುವವರಿದ್ದಾರೆ, ಅದು ಅರ್ಧ ಸತ್ಯ. ಹುಳುವೂ ಕೂಸೂ ಒಂದೇ ಹೊತ್ತಿಗೆ ಹಸಿದರೆ ಕಾಯಬೇಕಾದದ್ದು ಸಾಮಾನ್ಯವಾಗಿ ಕೂಸು; ಸಾಲ ತೀರಿಸುವುದು ಬೆಳೆ ತಾನೆ. ಕೂಸನ್ನು ಎತ್ತಿಕೊಳ್ಳಲು ಅತ್ತೆ, ನಾದಿನಿ ಅಥವಾ ಎಂಟು-ಹತ್ತು ವರ್ಷದ ಹಿರಿಮಗಳು ಇರಬೇಕಿತ್ತು. ಹಲವು ಮನೆಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಹುಳುವಿನ ಹತ್ತಿರ ಸೇರಿಸುತ್ತಿರಲಿಲ್ಲ. ಆ ದಿನಗಳ ಕೆಲಸ ಮತ್ತೊಬ್ಬ ಹೆಂಗಸಿನ ಹೆಗಲಿಗೆ ಬೀಳುತ್ತಿತ್ತು. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬ ರೂಢಿ ಒಬ್ಬಳಿಗೆ ಮೂರು ತಿಂಗಳೋ ಐದು ತಿಂಗಳೋ ಬಿಡುವು ಕೊಟ್ಟರೆ, ಅಷ್ಟೇ ಕಾಲ ಅವಳ ತಾಯಿಗೆ ಎರಡು ಪಟ್ಟು ಕೆಲಸ. ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಹಾಕುವ ದಿನ ಮನೆಮಂದಿ ಸಾಲುತ್ತಿರಲಿಲ್ಲ. ಕೆಲವೇ ಗಂಟೆಗಳಲ್ಲಿ ಸಾವಿರಾರು ಹುಳು ಆರಿಸಬೇಕಾದ್ದರಿಂದ ನೆರೆಹೊರೆಯವರು ಮುಯ್ಯಾಳಾಗಿ ಬರುತ್ತಿದ್ದರು, ಮಕ್ಕಳು ಶಾಲೆ ತಪ್ಪಿಸುತ್ತಿದ್ದರು.

ಮಳೆಯಾಶ್ರಯದ ಕಡ್ಡಿ ತೋಟದ ಕಾಲದಲ್ಲಿ ಬೆಳೆಯಿಂದ ಬೆಳೆಗೆ ಅಂತರ ಇರುತ್ತಿತ್ತು. ಹಬ್ಬ, ಮದುವೆ, ಹೆರಿಗೆ, ಮುದುಕರ ಕಾಯಿಲೆ ಆ ಅಂತರದಲ್ಲಿ ಹೊಂದಿಕೊಳ್ಳುತ್ತಿದ್ದವು. ಚನ್ನಪಟ್ಟಣದ ಕಣ್ವ ಕ್ಷೇತ್ರದ ಹೆಸರು ಹೊತ್ತ ಕಣ್ವ-2 ಹಿಪ್ಪುನೇರಳೆ, ಬಾವಿಯ ಪಂಪ್‌ಸೆಟ್ಟು, ಆಮೇಲೆ ಕೊಳವೆಬಾವಿ, 1980ರಲ್ಲಿ ಶುರುವಾದ ವಿಶ್ವಬ್ಯಾಂಕ್ ನೆರವಿನ ರೇಷ್ಮೆ ಯೋಜನೆ ಇವೆಲ್ಲ ಸೊಪ್ಪನ್ನು ಹೆಚ್ಚಿಸಿದವು. ನೀರಾವರಿ ಇದ್ದವರು ವರ್ಷಕ್ಕೆ ಐದಾರು ಬೆಳೆ ತೆಗೆಯತೊಡಗಿದರು. ಆದಾಯ ಏರಿತು, ಬಿಡುವು ಕಿರಿದಾಯಿತು. ಇಳುವರಿಯ ಲೆಕ್ಕ ಬರೆದ ಇಲಾಖೆಯ ಕಡತಗಳಿಗೆ ಈ ಎರಡನೆಯ ಸಂಗತಿ ಸೇರಲಿಲ್ಲ. ಪರಿಹಾರ ಬಂದದ್ದು ತಡವಾಗಿ, ಅದೂ ಹುಳುವಿನ ಆರೋಗ್ಯದ ನೆಪದಲ್ಲಿ: ಎರಡನೆಯ ಜ್ವರದವರೆಗೆ ಹುಳು ಸಾಕಿ ಕೊಡುವ ಚಾಕಿ ಕೇಂದ್ರಗಳು, ಮನೆಯಿಂದ ಬೇರೆಯಾದ ಹುಳುಮನೆ, ಎಲೆ ಕಿತ್ತು ಹಾಕುವ ಬದಲು ಕಡ್ಡಿ ಸಮೇತ ಹಾಕುವ ಪದ್ಧತಿ. ಕಡ್ಡಿ ಮೇವಿನಿಂದ ದಿನಕ್ಕೆ ಎರಡು-ಮೂರು ಸಲ ಹಾಕಿದರೆ ಸಾಕಾಯಿತು, ರಾತ್ರಿಯ ಎಚ್ಚರ ಬಹುಮಟ್ಟಿಗೆ ತಪ್ಪಿತು. ಹೆಂಗಸರ ನಿದ್ದೆಗೆ ಇಷ್ಟು ಉಪಕಾರ ಮಾಡಿದ ಸುಧಾರಣೆ ಈ ಕಸುಬಿನಲ್ಲಿ ಬೇರೊಂದಿಲ್ಲ.

ನೂಲು ಬಿಚ್ಚಾಣಿಕೆಯ ಕತೆ ಹೆಚ್ಚು ಕಠಿಣ. ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾಯಿತು. ಗೂಡನ್ನು ಸರ್ಕಾರಿ ಮಾರುಕಟ್ಟೆಯಲ್ಲೇ ಹರಾಜು ಹಾಕುವ ವ್ಯವಸ್ಥೆಗೆ 1959ರ ಕಾಯ್ದೆ ಆಧಾರ. ಗೂಡು ಹೊತ್ತು ಹೋಗಿ ಹಣ ಎಣಿಸಿಕೊಂಡು ಬರುತ್ತಿದ್ದವರು ಗಂಡಸರು. ಗೂಡು ಕೊಂಡು ನೂಲು ಬಿಚ್ಚುವ ರೀಲರ್‌ಗಳಲ್ಲಿ ಹೆಚ್ಚಿನವರು ಊರಿನ ಮುಸ್ಲಿಂ ಕುಟುಂಬಗಳವರು. ಅವರ ಘಟಕಗಳು ಮನೆಗೆ ಅಂಟಿಕೊಂಡೇ ಇದ್ದವು. ಚರಕದಲ್ಲಿ ಒಬ್ಬರು ಕುದಿನೀರಿನ ಗೂಡಿನಿಂದ ಎಳೆ ಹಿಡಿದರೆ ಇನ್ನೊಬ್ಬರು ಚಕ್ರ ತಿರುಗಿಸಬೇಕು. ಆ ಇನ್ನೊಬ್ಬರು ಎಷ್ಟೋ ಕಡೆ ಮಗುವಾಗಿತ್ತು. ತಾಯಿಯ ಜೊತೆ ಬಂದ ಮಗು ಮೊದಲು ಪಕ್ಕದಲ್ಲಿ ಕೂತು, ಆಮೇಲೆ ಗೂಡು ಆರಿಸಿ, ಕೊನೆಗೆ ಚಕ್ರಕ್ಕೆ ಕೈ ಹಾಕುತ್ತಿತ್ತು. ಮುಂಗಡ ಸಾಲಕ್ಕೆ ಮಕ್ಕಳನ್ನು ದುಡಿಸುವುದೂ ಇತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996 ಮತ್ತು 2003ರ ವರದಿಗಳಲ್ಲಿ ಕರ್ನಾಟಕದ ರೇಷ್ಮೆ ಕಸುಬಿನ ಜೀತಮಕ್ಕಳ ಬಗ್ಗೆ ಬರೆಯಿತು. ನೋಡಿಕೊಳ್ಳುವವರಿಲ್ಲದ ಮಗುವನ್ನು ಕೆಲಸದ ಜಾಗಕ್ಕೆ ಕರೆತರುವುದಕ್ಕೂ ಅದನ್ನೇ ಕೆಲಸಕ್ಕೆ ಹಚ್ಚುವುದಕ್ಕೂ ನಡುವಿನ ಗೆರೆ ಇಲ್ಲಿ ಬಲು ತೆಳುವಾಗಿತ್ತು.

ಚನ್ನಪಟ್ಟಣದಲ್ಲಿ ಮರದ ಗೊಂಬೆಯ ಕಸುಬೂ ಮನೆಯದೇ. ಆಲೆ ಮರವನ್ನು ಕಡೆದು ಅರಗಿನ ಬಣ್ಣ ಹತ್ತಿಸುವ ಕೆಲಸ ಗಂಡಸರ ಕೈಲಿತ್ತು. ಹೆಂಗಸರು ಜೋಡಣೆ, ಮೆರುಗುಗಳ ಕೆಲಸದಲ್ಲಿದ್ದು, ವಿದ್ಯುತ್ ಯಂತ್ರ ಬಂದ ಮೇಲೆ ಕಡೆಯುವುದಕ್ಕೂ ಕೂತರು. 1930ರ ದಶಕದಲ್ಲಿ ಅದೇ ಊರಿನಲ್ಲಿ ಸ್ಪನ್ ಸಿಲ್ಕ್ ಗಿರಣಿ ಎದ್ದಾಗ, ಗಂಟೆ ಹೊಡೆದ ಹೊತ್ತಿಗೆ ಮನೆ ಬಿಟ್ಟು ಹೋಗುವ ಕೂಲಿ ಈ ಸೀಮೆಗೆ ಪರಿಚಯವಾಯಿತು.

ಅಂಥ ಕೂಲಿಗೆ ಕಾನೂನು ಒಂದು ದಾರಿ ಮಾಡಿತ್ತು. 1948ರ ಕಾರ್ಖಾನೆ ಕಾಯ್ದೆ ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುವಿಹಾರ ಇರಬೇಕೆಂದಿತು. 1976ರಲ್ಲಿ ಆ ಮಿತಿ ಮೂವತ್ತಕ್ಕೆ ಇಳಿಯಿತು. 1961ರಲ್ಲಿ ಹೆರಿಗೆ ಸೌಲಭ್ಯ ಕಾಯ್ದೆ ಬಂತು, 2017ರ ತಿದ್ದುಪಡಿ ರಜೆಯನ್ನು 26 ವಾರಕ್ಕೆ ಏರಿಸಿತು. ನೂಲು ಬಿಚ್ಚುವ, ಕೆಲವೇ ಆಳಿನ ಫಿಲೇಚರ್‌ಗಳಿಗೂ ಮನೆಯ ಚರಕಕ್ಕೂ ಇವು ತಟ್ಟಲಿಲ್ಲ. ಗಾರ್ಮೆಂಟ್ ಕಾರ್ಖಾನೆಗಳು ಬಂದ ಮೇಲೆ ಊರಿನ ಹುಡುಗಿಯರು, ತಾಯಂದಿರು ಬೆಳಗಿನ ರೈಲು, ಬಸ್ಸು, ಕಂಪನಿ ವ್ಯಾನು ಹಿಡಿಯತೊಡಗಿದರು. ಅಲ್ಲಿ ಕಾನೂನು ಅನ್ವಯಿಸುತ್ತಿತ್ತು, ಆದರೆ ಕಿಕ್ಕಿರಿದ ಬಸ್ಸಿನಲ್ಲಿ ಕೂಸನ್ನು ಹೊತ್ತು ಅಷ್ಟು ದೂರ ಹೋಗುವುದು ಯಾರಿಗೆ ಸಾಧ್ಯ? ಕೂಸು ಊರಿನಲ್ಲಿ ಅಜ್ಜಿಯ ಬಳಿ ಉಳಿಯಿತು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಶುರುವಾಗಿ, ಕರ್ನಾಟಕದಲ್ಲಿ ಟಿ. ನರಸೀಪುರದಿಂದ ಹಬ್ಬಿದ ಅಂಗನವಾಡಿ ಮೂರು ವರ್ಷ ದಾಟಿದವರನ್ನು ಹಗಲಿನ ಕೆಲವು ಗಂಟೆ ಕೂರಿಸಿಕೊಂಡಿತು. ಸಂಜೆಯ ಪಾಳಿ ಬಿಡುವವರೆಗೆ ಅದು ತೆರೆದಿರಲಿಲ್ಲ.

ಮೂರು ವರ್ಷದೊಳಗಿನ ಮಕ್ಕಳಿಗೆ ಹಳ್ಳಿಯಲ್ಲೇ ಒಂದು ಜಾಗ ಬೇಕೆಂದು ರಾಜ್ಯ ಸರ್ಕಾರ ಯೋಜನೆ ಮಾಡಿದ್ದು 2023ರಲ್ಲಿ. 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವ ಆ ಯೋಜನೆ ಮುಖ್ಯವಾಗಿ ನರೇಗಾ ಕೂಲಿಕಾರರ ಮಕ್ಕಳಿಗೆ. ಅದಕ್ಕೂ ಎರಡು ವರ್ಷ ಮೊದಲು, 2021ರಲ್ಲಿ, ರಾಜ್ಯದ ಮಹಿಳಾ ಸರ್ಕಾರಿ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಸಿಕ್ಕಿತು. ಹೀಗೆ ರೇಷ್ಮೆ ಇಲಾಖೆಯ ಮಹಿಳಾ ಅಧಿಕಾರಿಗೆ ಇರುವ ರಜೆ ಹುಳು ಸಾಕುವವಳಿಗೆ ಇಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಟ್ಟರೆ ಗಂಡಸರು ಕೊಟ್ಟದ್ದು 97 ನಿಮಿಷ.

ಮುದುಕರ ಆರೈಕೆಗೆ ಈ ಮಟ್ಟದ ಏರ್ಪಾಡೂ ಬೆಳೆಯಲಿಲ್ಲ. 2007ರಲ್ಲಿ ಪೋಷಕರ ಪಾಲನೆಯ ಕಾಯ್ದೆ ಮಕ್ಕಳ ಮೇಲೆ ಹೊಣೆ ಹೊರಿಸಿತು, ಸಂಧ್ಯಾ ಸುರಕ್ಷಾ ಪಿಂಚಣಿ ಸ್ವಲ್ಪ ಹಣ ಕೊಟ್ಟಿತು. ಹಾಸಿಗೆ ಹಿಡಿದ ಅತ್ತೆಮಾವಂದಿರನ್ನು ನೋಡಿಕೊಳ್ಳಲು ಕಾರ್ಖಾನೆಯ ಹೆಂಗಸಿಗೆ ಪ್ರತ್ಯೇಕ ರಜೆ ಕೊಡುವ ಕಾನೂನು ಇಲ್ಲ. ಅಂಥ ಸಂದರ್ಭ ಬಂದಾಗ ಕೆಲವರು ಕಾರ್ಖಾನೆ ಬಿಟ್ಟು, ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ, ಅದರ ಕಡಿಮೆ ಕೂಲಿಗೆ, ಮರಳುತ್ತಾರೆ.