ಬಾತ್ ಬಾಂಬ್: ಮನೆಯಲ್ಲಿ ತಯಾರಿಸುವ ಕ್ರಮ ಮತ್ತು ಎದುರಾಗುವ ತೊಂದರೆಗಳು

ಬಿಸಿನೀರಿಗೆ ಹಾಕಿದೊಡನೆ ಬುರಬುರನೆ ಗುಳ್ಳೆಯೆದ್ದು ಕರಗಿ, ನೀರಿಗೆ ಪರಿಮಳವನ್ನೂ ತುಸು ಜಿಡ್ಡನ್ನೂ ಬಿಡುವ ಉಂಡೆಗೆ 'ಬಾತ್ ಬಾಂಬ್' ಎಂದು ಹೆಸರು. ಹೆಸರು ಭಯಂಕರವಾದರೂ ಒಳಗಿರುವುದು ಅಡುಗೆಮನೆಯ ಸಾಮಗ್ರಿಯೇ. ದೀಪಾವಳಿಯ ಉಡುಗೊರೆಗೆಂದು ಇದನ್ನು ಮನೆಯಲ್ಲೇ ಮಾಡುವ ಉತ್ಸಾಹ ನಮ್ಮ ಲೇಕ್ ಗಾರ್ಡನ್ಸ್‌ನ ಕನ್ನಡ ಮನೆಗಳಲ್ಲಿಯೂ ಕಾಣುತ್ತಿದೆ. ಆದರೆ ಬೇರೆ ಊರಿನವರು ಬರೆದ ಕ್ರಮವನ್ನು ಅನುಸರಿಸಿದವರಲ್ಲಿ ಹಲವರು ಕೈಸುಟ್ಟುಕೊಂಡಿದ್ದಾರೆ. ಕೊಲ್ಕತ್ತಾದ ಹವೆಗೆ ಹೊಂದುವ ಕ್ರಮವನ್ನು ಒಂದೆಡೆ ದಾಖಲಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ಈ ಉಂಡೆಯನ್ನು 1989ರಲ್ಲಿ ರೂಪಿಸಿದವರು ಇಂಗ್ಲೆಂಡಿನ ಮೋ ಕಾನ್‌ಸ್ಟಂಟೈನ್. ಮುಂದೆ 'ಲಷ್' ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದ ಇವರಿಗೆ ಪ್ರೇರಣೆಯಾದುದು ನೀರಿನಲ್ಲಿ ನೊರೆಯುಕ್ಕಿಸುವ ಔಷಧದ ಮಾತ್ರೆ. ನಮಗೆ ಈ ತತ್ತ್ವ ಅಪರಿಚಿತವೇನಲ್ಲ. ದಿಢೀರ್ ರವೆ ಇಡ್ಲಿಯ ಹಿಟ್ಟಿಗೆ ಈನೋ ಬೆರೆಸಿದಾಗ ಹಿಟ್ಟು ಉಬ್ಬುವುದು ಇದೇ ಕ್ರಿಯೆಯಿಂದ. ಸ್ನಾನದ ಪರಿಮಳವೂ ನಮಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಮೈಸೂರು ಸ್ಯಾಂಡಲ್ ಸಾಬೂನು ಊರು ಬಿಟ್ಟು ಬಂದ ಎಷ್ಟೋ ಕನ್ನಡಿಗರ ಬಚ್ಚಲಿನಲ್ಲಿ ಇಂದಿಗೂ ಉಳಿದಿದೆ.

ಒಂದು ಮಾತು ಸ್ಪಷ್ಟವಾಗಿರಲಿ. ಈ ಉಂಡೆ ಸಾಬೂನಲ್ಲ. ಕೊಳೆಯನ್ನಾಗಲಿ ಎಣ್ಣೆಯನ್ನಾಗಲಿ ತೆಗೆಯದು. ನರಕ ಚತುರ್ದಶಿಯ ಅಭ್ಯಂಜನಕ್ಕೆ ಸೀಗೆಪುಡಿ, ಕಡಲೆಹಿಟ್ಟುಗಳೇ ಬೇಕು.

ಒಳಗೆ ನಡೆಯುವುದೇನು?

ಅಡುಗೆ ಸೋಡಾ ಒಂದು ಕ್ಷಾರ, ಸಿಟ್ರಿಕ್ ಆಮ್ಲ ಒಂದು ಹುಳಿ. ಒಣಗಿರುವವರೆಗೆ ಇವೆರಡೂ ಸುಮ್ಮನಿರುತ್ತವೆ. ನೀರು ತಗುಲಿದಾಗ ಕೂಡಿ ಇಂಗಾಲದ ಡೈ ಆಕ್ಸೈಡ್ ಅನಿಲವನ್ನೂ, ಸೋಡಿಯಂ ಸಿಟ್ರೇಟ್ ಎಂಬ ಲವಣವನ್ನೂ, ನೀರನ್ನೂ ಕೊಡುತ್ತವೆ. ಈ ಕೊನೆಯದನ್ನು ಗಮನಿಸಬೇಕು. 100 ಗ್ರಾಂ ಸಿಟ್ರಿಕ್ ಆಮ್ಲ ಪೂರ್ತಿ ಕರಗಿ ಕೂಡಿದರೆ ಸುಮಾರು 28 ಗ್ರಾಂ ಹೊಸ ನೀರು ಹುಟ್ಟುತ್ತದೆ. ಹೀಗಾಗಿ ಒಂದು ಹನಿಯಿಂದ ಆರಂಭವಾದ ಕ್ರಿಯೆ ತಾನೇ ಹುಟ್ಟಿಸಿದ ನೀರಿನಿಂದ ಮುಂದುವರಿಯುತ್ತ ಹೋಗುತ್ತದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನಮ್ಮ ನಗರದ ಗಾಳಿಯ ತೇವಾಂಶ ಶೇ. 80ನ್ನು ಮೀರುತ್ತದೆ. ಆಗ ಗಾಳಿಯೇ ಮೊದಲ ಹನಿಯನ್ನು ಒದಗಿಸುತ್ತದೆ. ನಮ್ಮ ತೊಂದರೆಗಳ ಬಹುಪಾಲಿನ ಮೂಲ ಇಲ್ಲಿದೆ.

ಸಾಮಗ್ರಿ

ಅಡುಗೆ ಸೋಡಾ 200 ಗ್ರಾಂ, ಸಿಟ್ರಿಕ್ ಆಮ್ಲ 100 ಗ್ರಾಂ, ಕಾರ್ನ್‌ಫ್ಲೋರ್ 50 ಗ್ರಾಂ, ಕೊಬ್ಬರಿ ಎಣ್ಣೆ ಎರಡು ಚಿಕ್ಕ ಚಮಚ, ಲಾವಂಚ ಅಥವಾ ಲ್ಯಾವೆಂಡರ್ ತೈಲ ಹತ್ತು ಹನಿ. ಇದರಿಂದ 25 ಗ್ರಾಂ ತೂಕದ ಸುಮಾರು ಹದಿನಾಲ್ಕು ಉಂಡೆಗಳಾಗುತ್ತವೆ. ಇಂಗ್ಲೆಂಡಿನವರದು ದೊಡ್ಡ ಸ್ನಾನದ ತೊಟ್ಟಿಗೆಂದು ಮಾಡುವ ದೊಡ್ಡ ಉಂಡೆ. ಫ್ಲ್ಯಾಟಿನ ಬಚ್ಚಲಿನಲ್ಲಿರುವ ಒಂದು ಬಕೆಟ್ ನೀರಿಗೆ ಇಷ್ಟು ಚಿಕ್ಕದು ಸಾಕು.

ನಮ್ಮ ಬೀದಿಯ ಅಂಗಡಿಯಲ್ಲಿ 'ಖಾಬಾರ್ ಸೋಡಾ' ಎಂದು ಕೇಳಿದರೆ ಅಡುಗೆ ಸೋಡಾ ಸಿಗುತ್ತದೆ. ಬಟ್ಟೆ ಸೋಡಾ ಬೇರೆ. ಅದು ಚರ್ಮವನ್ನು ಸುಡಬಲ್ಲದು. ಹಿಂದಿ ಭಾಷಿಕರು 'ಟಾಟ್ರಿ' ಎನ್ನುವ ಸಿಟ್ರಿಕ್ ಆಮ್ಲವನ್ನು ಕೊಳ್ಳುವಾಗ ಚೀಟಿಯಲ್ಲಿ 'ಅನ್‌ಹೈಡ್ರಸ್' ಎಂದಿದೆಯೇ ನೋಡಬೇಕು. 'ಮೊನೊಹೈಡ್ರೇಟ್' ಎಂದಿದ್ದರೆ ಅದರ ತೂಕದ ಶೇ. 8ಕ್ಕೂ ಹೆಚ್ಚು ಪಾಲು ನೀರೇ ಆಗಿರುತ್ತದೆ. ಎಪ್ಸಮ್ ಉಪ್ಪಿನ ಹರಳಿನಲ್ಲಿಯೂ ನೀರು ಸೇರಿರುವುದರಿಂದ ಈ ಹವೆಯಲ್ಲಿ ಅದನ್ನು ಬಿಡುವುದೇ ಲೇಸು.

ತಯಾರಿಸುವ ಕ್ರಮ

ನವೆಂಬರ್ ನಡುವಿನಿಂದ ಫೆಬ್ರವರಿಯವರೆಗೆ ಈ ಕೆಲಸಕ್ಕೆ ಪ್ರಶಸ್ತ ಕಾಲ. ಬೇರೆ ದಿನಗಳಲ್ಲಿ ಮಾಡಲೇಬೇಕಾದರೆ ಹವಾನಿಯಂತ್ರಕ ಒಂದು ಗಂಟೆ ಓಡಿದ ಕೋಣೆಯಲ್ಲಿ, ಬಾಗಿಲು ಮುಚ್ಚಿಕೊಂಡು ಮಾಡಬೇಕು. ಸೋಡಾ, ಹಿಟ್ಟುಗಳನ್ನು ಜರಡಿ ಹಿಡಿದು ಗಂಟಿಲ್ಲದಂತೆ ಬೆರೆಸಿ. ಎಣ್ಣೆಗೆ ಪರಿಮಳದ ತೈಲ ಸೇರಿಸಿ, ಹನಿಹನಿಯಾಗಿ ಹಾಕುತ್ತ ಬೆರಳ ತುದಿಯಿಂದ ತಿಕ್ಕಿ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದರಿಂದ ಮೊದಲೇ ಕರಗಿಸಿಕೊಳ್ಳಬೇಕು. ಸಿಟ್ರಿಕ್ ಆಮ್ಲವನ್ನು ಕೊನೆಗೆ ಸೇರಿಸಿ. ಅದರ ಧೂಳು ಕಣ್ಣಿಗೂ ಮೂಗಿಗೂ ಉರಿ ತರುವುದರಿಂದ ಫ್ಯಾನ್ ಆರಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು.

ಹದ ನೋಡುವುದು ತಂಬಿಟ್ಟಿನಂತೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿನಿಂದ ತಟ್ಟಿದರೆ ಒಡೆಯಬೇಕು. ಹದ ಬಾರದಿದ್ದರೆ ನೀರು ಚಿಮುಕಿಸಬಾರದು. ಔಷಧದಂಗಡಿಯ ಐಸೊಪ್ರೊಪೈಲ್ ಸ್ಪಿರಿಟನ್ನು ಒಂದೆರಡು ಬಾರಿ ಸಿಂಪಡಿಸಬೇಕು. ಅದೂ ಶೇ. 99ರದಾಗಿರಲಿ, ಶೇ. 70ರ ಸ್ಪಿರಿಟಿನಲ್ಲಿ ಉಳಿದುದೆಲ್ಲ ನೀರು. ಸ್ಪಿರಿಟ್ ಬೇಗ ಹೊತ್ತಿಕೊಳ್ಳುತ್ತದೆ. ಹತ್ತಿರದಲ್ಲಿ ಒಲೆ, ದೀಪ, ಊದಿನಕಡ್ಡಿ ಯಾವುದೂ ಉರಿಯುತ್ತಿರಬಾರದು.

ಅಚ್ಚಿಗೆ ಮೋದಕದ ಪ್ಲಾಸ್ಟಿಕ್ ಅಚ್ಚು ಉತ್ತಮ. ಬಂಗಾಳಿ ನೆರೆಯವರ ಸಂದೇಶ್ ಅಚ್ಚಿನ ಹೂವು, ಶಂಖಗಳು ಆಕರ್ಷಕವೇ. ಆದರೆ ಮರದ ಅಚ್ಚು ತೇವ ಹಿಡಿದಿರುತ್ತದೆ, ಗೀರುಗಳಲ್ಲಿ ಹಿಟ್ಟು ಸಿಕ್ಕಿಕೊಳ್ಳುತ್ತದೆ. ತುಂಬಿ ಒತ್ತಿ, ಐದು ನಿಮಿಷದ ನಂತರ ತೆಗೆದು, ಒಣ ಕೋಣೆಯಲ್ಲಿ ಎರಡು ದಿನ ಆರಲು ಬಿಡಬೇಕು.

ತೊಂದರೆಗಳೂ ಪರಿಹಾರಗಳೂ

1. ಅಚ್ಚಿನಲ್ಲೇ ಉಬ್ಬುವುದು: ತೇವ ಹೆಚ್ಚಾಗಿದೆ. ಹಿಟ್ಟು ಕೈಗೆ ತಣ್ಣಗೆ ತಾಗುತ್ತಿದ್ದರೆ ಕ್ರಿಯೆ ಆರಂಭವಾಗಿದ್ದರೂ ಇರಬಹುದು, ಏಕೆಂದರೆ ಅದು ಸುತ್ತಲಿನ ಶಾಖವನ್ನು ಹೀರುತ್ತದೆ. ಸ್ಪಿರಿಟ್ ಆರುವಾಗಲೂ ತಂಪಾಗುತ್ತದೆ, ಆದರೆ ಆಗ ಹಿಟ್ಟು ಉಬ್ಬುವುದಿಲ್ಲ. ಉಬ್ಬಿದ್ದನ್ನು ಸರಿಪಡಿಸಲಾಗದು. ಪುಡಿಮಾಡಿ ಅಂದೇ ಕಾಲು ತೊಳೆಯುವ ನೀರಿಗೆ ಬಳಸಿ.

2. ಪುಡಿಪುಡಿಯಾಗುವುದು: ಹದ ಒಣಗಿದೆ, ಇಲ್ಲವೇ ಒತ್ತಿದ್ದು ಸಾಲದು. ಮತ್ತೆ ಪುಡಿಮಾಡಿ, ಅರ್ಧ ಚಮಚ ಎಣ್ಣೆ ಬೆರೆಸಿ ಒತ್ತಬಹುದು.

3. ಬಿರುಕು: ಅಚ್ಚಿನಿಂದ ಅವಸರದಲ್ಲಿ ತೆಗೆದುದರ ಫಲ. ಒಣಗುವಾಗ ಪದೇ ಪದೇ ಎತ್ತಿ ನೋಡಬಾರದು.

4. ನೀರಿನಲ್ಲಿ ಗುಳ್ಳೆ ಏಳದಿರುವುದು: ಉಂಡೆಯ ಶಕ್ತಿ ಡಬ್ಬಿಯಲ್ಲೇ ಮುಗಿದಿದೆ, ಅಥವಾ ಸೋಡಾ ಹಳೆಯದು. ಚಿಟಿಕೆ ಸೋಡಾಕ್ಕೆ ನಿಂಬೆರಸ ಹಿಂಡಿ ಮೊದಲೇ ಪರೀಕ್ಷಿಸಿಕೊಳ್ಳಿ.

5. ಹಳದಿ ಉಂಡೆಯಲ್ಲಿ ಕೆಂಗಂದು ಕಲೆ: ಬಣ್ಣಕ್ಕೆ ಅರಿಶಿನ ಹಾಕಿದವರ ದೂರು ಇದು. ಅರಿಶಿನಕ್ಕೆ ಸುಣ್ಣ ಬೆರೆಸಿ ಆರತಿಯ ಓಕುಳಿ ಮಾಡುವ ನಮಗೆ ಕಾರಣ ಹೇಳಬೇಕಿಲ್ಲ. ಸೋಡಾ ಕೂಡ ಕ್ಷಾರವೇ. ಬಕೆಟಿಗೂ ಟವೆಲಿಗೂ ಕಲೆ ಹತ್ತುವುದರಿಂದ ಅರಿಶಿನವನ್ನು ಬಿಡಿ.

6. ಸ್ನಾನದ ನಂತರ ಚರ್ಮ ಒಣಗುವುದು: ಮೇಲಿನ ಅಳತೆಯಲ್ಲಿ ಸುಮಾರು 70 ಗ್ರಾಂ ಸೋಡಾ ಕೂಡದೆ ಉಳಿದು ನೀರನ್ನು ಕ್ಷಾರವಾಗಿಸುತ್ತದೆ. ಒಣಚರ್ಮದವರು ಸೋಡಾವನ್ನು 150 ಗ್ರಾಮಿಗೆ ಇಳಿಸಬಹುದು.

ಮುಚ್ಚಳದ ವಿಷಯ

ಇದನ್ನು ಪ್ರತ್ಯೇಕವಾಗಿ ಬರೆಯಲು ಕಾರಣವಿದೆ. ನಾವು ಮೊದಲ ಬಾರಿ ಉಂಡೆ ಮಾಡಿದ್ದು ಭಾದ್ರಪದದ ಮಳೆಯಲ್ಲಿ. ಸಂಜೆ ಮಾಡಿದ್ದನ್ನು ಆರಲು ಬಿಡದೆ, ತೇವ ತಾಗದಿರಲೆಂದು ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮಲಗಿದೆವು. ನಡುರಾತ್ರಿ ದೊಡ್ಡ ಸದ್ದಿನೊಂದಿಗೆ ಮುಚ್ಚಳ ಹಾರಿ ಅಲಮಾರಿನ ಬಾಗಿಲಿಗೆ ಬಡಿಯಿತು. ಅಂದು ಯಾರಿಗೂ ಏನೂ ಆಗಲಿಲ್ಲ. ಅದೇ ಗಾಜಿನ ಬಾಟಲಿಯಾಗಿದ್ದು, ಮಕ್ಕಳು ಮಲಗುವ ಕೋಣೆಯಲ್ಲಿದ್ದಿದ್ದರೆ? ಲೆಕ್ಕ ಹಾಕಿ ನೋಡಿದಾಗ ತಿಳಿಯಿತು: 25 ಗ್ರಾಮಿನ ಒಂದೇ ಉಂಡೆ ಪೂರ್ತಿ ಕರಗಿದರೆ ಸುಮಾರು ಎರಡೂವರೆ ಲೀಟರ್ ಅನಿಲ ಬಿಡುತ್ತದೆ.

ಆದ್ದರಿಂದ ಎರಡು ದಿನ ಆರಿದ ಮೇಲೆ ಒಂದು ಉಂಡೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ ಒಂದು ರಾತ್ರಿ ಇಡಿ. ಚೀಲ ಉಬ್ಬದಿದ್ದರೆ ಮಾತ್ರ ಉಳಿದುದನ್ನು ತುಂಬಿಡಬಹುದು. ಜೊತೆಗೆ ಸಿಲಿಕಾ ಜೆಲ್ ಪೊಟ್ಟಣವಿರಲಿ. ಗಾಜಿನ ಬಾಟಲಿ ಎಂದಿಗೂ ಬೇಡ. ಉಡುಗೊರೆ ಕೊಡುವಾಗ ಬಟರ್ ಪೇಪರಿನಲ್ಲಿ ಸುತ್ತಿ, 'ತಿನ್ನುವ ವಸ್ತುವಲ್ಲ' ಎಂದು ಬರೆದು ಕೊಡಿ. ಸಂದೇಶದ ಆಕಾರದಲ್ಲಿದ್ದರಂತೂ ಮಕ್ಕಳು ಬಾಯಿಗೆ ಹಾಕುವುದು ಖಂಡಿತ.

ಬಳಸುವಾಗ ಎಚ್ಚರ

ಎಣ್ಣೆ ಬೆರೆತ ನೀರು ಬಚ್ಚಲಿನ ನೆಲವನ್ನು ಜಾರಿಸುತ್ತದೆ. ವೃದ್ಧರಿರುವ ಮನೆಯಲ್ಲಿ ಎಣ್ಣೆಯ ಉಂಡೆಯನ್ನು ಸ್ನಾನಕ್ಕೆ ಬಳಸದೆ, ಕುರ್ಚಿಯಲ್ಲಿ ಕುಳಿತು ಕಾಲು ಅದ್ದಿಕೊಳ್ಳುವ ಬೋಗುಣಿಗೆ ಮಾತ್ರ ಬಳಸುವುದು ಕ್ಷೇಮ. ನಂತರ ನೆಲವನ್ನು ಸಾಬೂನಿನಿಂದ ತೊಳೆಯಬೇಕು. ಮಧುಮೇಹವಿದ್ದು ಪಾದದ ಸ್ಪರ್ಶಜ್ಞಾನ ಕುಂದಿದವರು ವೈದ್ಯರನ್ನು ಕೇಳದೆ ಬಿಸಿನೀರಿನಲ್ಲಿ ಕಾಲು ಅದ್ದಬಾರದು. ಗಾಯ, ಇಸುಬು ಇದ್ದರೆ ಬಳಸಬಾರದು. ಶಿಶುಗಳ ಸ್ನಾನಕ್ಕೆ ಇದು ಬೇಡವೇ ಬೇಡ. ಹೊಸ ತೈಲವನ್ನು ಕೊಬ್ಬರಿ ಎಣ್ಣೆಯಲ್ಲಿ ತೆಳುಮಾಡಿ ಮುಂಗೈಗೆ ಹಚ್ಚಿ, ಒಂದು ದಿನ ನೋಡಿದ ಮೇಲೆಯೇ ಬಳಸಬೇಕು.

ಚಳಿ ಇಳಿದ ಸಂಜೆ, ರವೀಂದ್ರ ಸರೋವರದ ಸುತ್ತ ನಡೆದು ಬಂದ ಕಾಲುಗಳಿಗೆ ಒಂದು ಬೋಗುಣಿ ಬಿಸಿನೀರು, ಅದರಲ್ಲಿ ಲಾವಂಚದ ಒಂದು ಉಂಡೆ: ಇದಕ್ಕೆ ತಗಲುವ ವೆಚ್ಚ ಅಲ್ಪ. ಬೇಕಾದುದು ಒಣಗಿದ ಕೈ, ಒಣಗಿದ ದಿನ ಮತ್ತು ಎರಡು ದಿನದ ತಾಳ್ಮೆ. ಓದುಗರು ಮೊದಲು ಅರ್ಧ ಅಳತೆಯಲ್ಲಿ ಮಾಡಿ ನೋಡಲಿ. ಹದ ಕೈಗೆ ಸಿಕ್ಕ ಮೇಲೆ ಹಬ್ಬಕ್ಕೆ ಮಾಡಲಿ ಎಂಬುದು ನಮ್ಮ ಸೂಚನೆ.