ಹಾರ್ಲೆಮ್ ನಗರದ ಮೆಟ್ಟಿಲುಗಳು

ಆಮ್‌ಸ್ಟರ್‌ಡಾಮಿಗೆ ಪಶ್ಚಿಮದಲ್ಲಿ, ಸ್ಪಾರ್ನೆ ನದಿಯ ದಂಡೆಯ ಮೇಲಿರುವ ಹಾರ್ಲೆಮ್ ಹಾಲೆಂಡಿನ ಪ್ರಾಚೀನ ನಗರಗಳಲ್ಲೊಂದು. ಕ್ರಿ.ಶ. 1245ರಲ್ಲಿ ಅದಕ್ಕೆ ನಗರದ ಹಕ್ಕುಗಳು ದೊರೆತವು. 1572ರ ಡಿಸೆಂಬರಿನಿಂದ 1573ರ ಜುಲೈವರೆಗೆ ಸ್ಪೇನಿನ ಸೈನ್ಯ ಅದನ್ನು ಮುತ್ತಿ, ಹಸಿವಿನಿಂದ ಶರಣಾಗುವಂತೆ ಮಾಡಿತು. 1576ರಲ್ಲಿ ಬೆಂಕಿಯೂ ಅದನ್ನು ಬಹುವಾಗಿ ಹಾಳುಮಾಡಿತು. ಇಂಥ ನಗರಗಳ ಚರಿತ್ರೆಯನ್ನು ಬರೆಯುವವರು ಪ್ರಾರ್ಥನಾಮಂದಿರಗಳನ್ನೂ ಚಿತ್ರಶಾಲೆಗಳನ್ನೂ ವರ್ಣಿಸುವುದು ವಾಡಿಕೆ. ಅವುಗಳ ಬಾಗಿಲನ್ನು ದಾಟಿ ಒಳಗೆ ಹೋಗಬಲ್ಲವರು ಯಾರು ಎಂದು ಕೇಳುವವರು ವಿರಳ. ನಡೆಯಲಾರದವರು, ಕಾಣಲಾರದವರು, ಮುಪ್ಪಿನಿಂದ ಮೊಣಕಾಲು ಸೋತವರು ಒಂದು ಹಳೆಯ ನಗರದ ಗತಕಾಲದಲ್ಲಿ ಎಷ್ಟನ್ನು ತಮ್ಮದಾಗಿಸಿಕೊಳ್ಳಬಲ್ಲರು? ಹಾರ್ಲೆಮನ್ನು ಈ ದೃಷ್ಟಿಯಿಂದ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲ ನೋಟಕ್ಕೆ ಆ ನಾಡಿನ ನೆಲವೇ ಇಂಥವರಿಗೆ ಅನುಕೂಲವಾದುದು. ಹತ್ತಬೇಕಾದ ಬೆಟ್ಟವಿಲ್ಲ. ಹಾಲೆಂಡಿನ ಪ್ರಥಮ ರೈಲು 1839ರ ಸೆಪ್ಟೆಂಬರಿನಲ್ಲಿ ಆಮ್‌ಸ್ಟರ್‌ಡಾಮಿನಿಂದ ಓಡಿದುದು ಹಾರ್ಲೆಮಿಗೇ. ಆದರೆ ನೆಲ ಸಮವಾಗಿದ್ದರೂ ಮನೆಗಳು ಹಾಗಿಲ್ಲ. ಹಳೆಯ ಬೀದಿಗಳ ಇಟ್ಟಿಗೆ ಮತ್ತು ಕಲ್ಲಿನ ಹಾಸು ಗಾಲಿಕುರ್ಚಿಯನ್ನು ಕುಲುಕಾಡಿಸುತ್ತದೆ. ಕಿರಿದಾದ ನಿವೇಶನದಲ್ಲಿ ಮೇಲಕ್ಕೆ ಬೆಳೆದ ಮನೆಗಳ ಒಳಮೆಟ್ಟಿಲುಗಳು ಏಣಿಯನ್ನು ನೆನಪಿಗೆ ತರುವಷ್ಟು ಕಡಿದು.

ಪೇಟೆಯ ಚೌಕದಲ್ಲಿರುವ ಸಂತ ಬಾವೋ ಹೆಸರಿನ ಮಹಾಮಂದಿರದೊಳಗೆ ನೆಲವೆಲ್ಲ ಸಮಾಧಿಯ ಚಪ್ಪಡಿಗಳು. 1666ರಲ್ಲಿ ತೀರಿಕೊಂಡ ಚಿತ್ರಕಾರ ಫ್ರಾನ್ಸ್ ಹಾಲ್ಸನ ಸಮಾಧಿಯೂ ಅಲ್ಲಿಯೇ ಇದೆ. ಕ್ರಿಸ್ಟಿಯಾನ್ ಮ್ಯುಲರನು 1738ರಲ್ಲಿ ಪೂರೈಸಿದ, ಐದು ಸಾವಿರಕ್ಕೂ ಹೆಚ್ಚು ಕೊಳವೆಗಳುಳ್ಳ ಆರ್ಗನ್ ವಾದ್ಯವನ್ನು 1766ರಲ್ಲಿ ಹತ್ತು ವರ್ಷದ ಬಾಲಕ ಮೊಟ್ಸಾರ್ಟ್ ನುಡಿಸಿದನು. ಕಣ್ಣಿಲ್ಲದವನಿಗೆ ಆ ಮಂದಿರದ ಎತ್ತರವನ್ನು ತಿಳಿಸಲು ಈ ನಾದವೊಂದೇ ಸಾಕು. ಅಲ್ಲಿನ ಮದ್ಯ ತಯಾರಕರ ಉಪಮಂದಿರದ ಒಂದು ಕಂಬದ ಮೇಲೆ ಎರಡು ಗುರುತುಗಳುಂಟು. ಮೇಲಿನದು 1749ರಲ್ಲಿ ಈ ಊರಿನಲ್ಲಿ ಮೃತನಾದ ದೈತ್ಯಕಾಯ ಡೇನಿಯಲ್ ಕಯಾನಸನ ಎತ್ತರ. ಕೆಳಗಿನದು 1828ರಲ್ಲಿ ತೀರಿಕೊಂಡ ಕುಬ್ಜ ಸಿಮೋನ್ ಪಾಪನ ಎತ್ತರ. ಇಬ್ಬರೂ ತಮ್ಮ ದೇಹವನ್ನೇ ಪ್ರದರ್ಶನಕ್ಕಿಟ್ಟು ಹೊಟ್ಟೆ ಹೊರೆದವರು. ಲೋಕದ ಅಳತೆಗೆ ಹೊಂದದ ದೇಹಕ್ಕೆ ಆ ಕಾಲ ಕೊಟ್ಟ ಸ್ಥಾನವನ್ನು ಈ ಗುರುತುಗಳು ಹೇಳುತ್ತವೆ. ಅಂಥವರು ನೋಡಲ್ಪಡುವವರಾಗಿದ್ದರು; ನೋಡಲು ಬಂದವರೆಂದು ಯಾರೂ ಅವರನ್ನು ಎಣಿಸಲಿಲ್ಲ.

ಆದರೂ ದುರ್ಬಲರನ್ನು ನಗರವು ಸಂಪೂರ್ಣವಾಗಿ ಮರೆತಿತ್ತೆನ್ನುವುದು ಅನ್ಯಾಯವಾದೀತು. ಅಂಗಳದ ಸುತ್ತ ಪುಟ್ಟ ಮನೆಗಳನ್ನು ಕಟ್ಟಿಸಿ ನಿರ್ಗತಿಕರಿಗೆ ಬಿಟ್ಟುಕೊಡುವ ಪದ್ಧತಿ ಅಲ್ಲಿ 14ನೆಯ ಶತಮಾನದಿಂದಲೂ ಕಾಣಬರುತ್ತದೆ. 1609ರಲ್ಲಿ ಸ್ಥಾಪಿತವಾದ ಮುದುಕರ ಮನೆಯಲ್ಲಿ ಸುಮಾರು 60 ಮಂದಿಗೆ ಸ್ಥಳವಿತ್ತು. ಅರವತ್ತು ದಾಟಿದ, ಒಂಟಿಯಾದ, ಸನ್ನಡತೆಯ ಊರಿನವರಿಗೆ ಮಾತ್ರ ಪ್ರವೇಶ. ಬರುವಾಗ ಹಾಸಿಗೆ, ಮೂರು ಹೊದಿಕೆ, ಮೆತ್ತೆಯಿಟ್ಟ ಒಂದು ಕುರ್ಚಿ ತರಬೇಕು. ಬೇಸಿಗೆಯಲ್ಲಿ ರಾತ್ರಿ ಎಂಟಕ್ಕೆ, ಚಳಿಗಾಲದಲ್ಲಿ ಏಳಕ್ಕೆ ಬಾಗಿಲಿಗೆ ಬೀಗ. ಜೊತೆಗೆ ವಾರಕ್ಕೊಮ್ಮೆ ದಾನದ ಪೆಟ್ಟಿಗೆ ಹಿಡಿದು ಹಣ ಸಂಗ್ರಹಿಸಬೇಕಾಗಿತ್ತು. ಆಶ್ರಯವೇನೋ ದೊರೆಯಿತು, ಆದರೆ ಅದು ಕೊಡುವವರ ದಯೆ, ಪಡೆಯುವವರ ಹಕ್ಕಲ್ಲ.

ಈ ಮನೆಯ ಆಡಳಿತಗಾರರನ್ನೂ ಆಡಳಿತಗಾರ್ತಿಯರನ್ನೂ ಹಾಲ್ಸನು ಸುಮಾರು 1664ರಲ್ಲಿ, ತನ್ನ ಎಂಬತ್ತರ ವಯಸ್ಸಿನಲ್ಲಿ, ಎರಡು ಚಿತ್ರಗಳಲ್ಲಿ ಬರೆದನು. ಅವನೂ ಅಲ್ಲಿಯ ನಿವಾಸಿಯಾಗಿದ್ದನೆಂಬ ಐತಿಹ್ಯಕ್ಕೆ ಆಧಾರವಿಲ್ಲ. ನಗರಸಭೆಯಿಂದ ವರ್ಷಕ್ಕೆ 200 ಗಿಲ್ಡರುಗಳ ವೇತನ ಅವನಿಗೆ ಸಲ್ಲುತ್ತಿದ್ದುದು ನಿಜ. ಆ ಕಟ್ಟಡವೇ 1913ರಲ್ಲಿ ಅವನ ಹೆಸರಿನ ಚಿತ್ರಶಾಲೆಯಾಯಿತು. ಸೋತ ಕಾಲುಗಳಿಗಾಗಿ ಕಟ್ಟಿದ ಮನೆಗೆ ಸೋತ ಕಾಲಿನವರು ಪ್ರೇಕ್ಷಕರಾಗಿ ಬರುವುದಕ್ಕಿಂತ ಯೋಗ್ಯವಾದುದು ಇನ್ನೇನಿದೆ?

ಇದಕ್ಕೆ ವಿರುದ್ಧವಾದ ಇನ್ನೊಂದು ನಿದರ್ಶನವಿದೆ. ಬಾರ್ಟೆಲ್ಯೋರಿಸ್ ಬೀದಿಯಲ್ಲಿ ಗಡಿಯಾರದ ವ್ಯಾಪಾರಿ ಕಾಸ್ಪರ್ ಟೆನ್ ಬೂಮನ ಮನೆ. ಜರ್ಮನರ ಆಕ್ರಮಣದ ಕಾಲದಲ್ಲಿ ಈ ಕುಟುಂಬ ಯೆಹೂದ್ಯರಿಗೆ ಆಶ್ರಯವಿತ್ತಿತು. ಮಗಳು ಕೋರಿಯ ಕೋಣೆ ಮನೆಯ ತುದಿಯ ಅಂತಸ್ತಿನಲ್ಲಿ. ಅಲ್ಲಿ ಸುಳ್ಳು ಗೋಡೆಯ ಹಿಂದೆ ಒಂದು ಇಕ್ಕಟ್ಟಾದ ಅಡಗುತಾಣ. 1944ರ ಫೆಬ್ರುವರಿ 28ರಂದು ಪೋಲೀಸರು ಕುಟುಂಬವನ್ನು ಬಂಧಿಸಿದಾಗ ಆರು ಜನರು ಅದರೊಳಗೆ ಎರಡು ದಿನ ಅಡಗಿದ್ದು ಸಿಕ್ಕದೆ ಉಳಿದರು. 84 ವರ್ಷದ ಕಾಸ್ಪರ್ ಹತ್ತು ದಿನಗಳಲ್ಲಿ ಸೆರೆಯಲ್ಲಿ ತೀರಿಕೊಂಡನು. ಹಿರಿಯ ಮಗಳು ಬೆಟ್ಸಿ ಅದೇ ಡಿಸೆಂಬರಿನಲ್ಲಿ ರಾವೆನ್ಸ್‌ಬ್ರುಕ್ ಶಿಬಿರದಲ್ಲಿ ಮಡಿದಳು. ಯುದ್ಧಕ್ಕೆ ಮುಂಚೆ ಕೋರಿಯು ಬುದ್ಧಿಮಾಂದ್ಯರಿಗಾಗಿ ಧರ್ಮಪಾಠಗಳನ್ನು ನಡೆಸುತ್ತಿದ್ದಳೆಂಬುದನ್ನೂ ಇಲ್ಲಿ ಸ್ಮರಿಸಬೇಕು. ಅಂಥವರನ್ನು ನಾಟ್ಸಿಗಳು ಜರ್ಮನಿಯಲ್ಲಿ ಸಾವಿರ ಸಾವಿರವಾಗಿ ಕೊಲ್ಲುತ್ತಿದ್ದರು.

ಈ ಮನೆಯ ಕಡಿದಾದ ಮೆಟ್ಟಿಲುಗಳನ್ನು ಹತ್ತದೆ ಅಡಗುತಾಣವನ್ನು ಕಾಣುವಂತಿಲ್ಲ. ಆ ಮೆಟ್ಟಿಲನ್ನು ಕಿತ್ತು ಯಂತ್ರವನ್ನಿಟ್ಟರೆ ಚರಿತ್ರೆಯ ಒಂದು ಸಾಕ್ಷಿ ಅಳಿಯುತ್ತದೆ. ಹತ್ತುವವರಿಗೆ ದೊರೆತ ಆ ಕ್ಷಣಗಳೇ ಆರು ಜೀವಗಳನ್ನು ಉಳಿಸಿದವು. ಆದುದರಿಂದ ಮೆಟ್ಟಿಲುಗಳಲ್ಲಿ ಎರಡು ಬಗೆಯುಂಟೆಂದು ಹೇಳಬೇಕಾಗುತ್ತದೆ: ಸಾಕ್ಷಿಯಾದವು, ಬರಿಯ ಅಭ್ಯಾಸದಿಂದ ಉಳಿದವು. ಮೊದಲನೆಯದನ್ನು ಕಾಯಬೇಕು. ಹಾಗೆ ಕಾಯುವವರು ಕೆಳಗೆ ಉಳಿದವರಿಗೆ ಮಾದರಿಯಿಂದ, ಮುಟ್ಟಿ ತಿಳಿಯುವ ವಸ್ತುಗಳಿಂದ, ಬಾಯಿಮಾತಿನ ವಿವರಣೆಯಿಂದ ಮೇಲಿನ ಕೋಣೆಯನ್ನು ತಲಪಿಸುವ ಹೊಣೆಯನ್ನೂ ಹೊರಬೇಕು. ಎರಡನೆಯದಕ್ಕೆ ಪರಂಪರೆಯ ರಕ್ಷಣೆಯೆಂಬ ಹೆಸರಿಟ್ಟು ಕೈಕಟ್ಟಿ ಕೂರುವುದು ಆಲಸ್ಯವೇ ಹೊರತು ಬೇರೆಯಲ್ಲ.

ವಿಕಲಾಂಗರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆ 2006ರದು. ಅದನ್ನು ಭಾರತ 2007ರಲ್ಲಿಯೇ ಸ್ಥಿರೀಕರಿಸಿತು. ನೆದರ್‌ಲೆಂಡ್ಸ್ ಸ್ಥಿರೀಕರಿಸಿದುದು 2016ರಲ್ಲಿ. ಸಾಂಸ್ಕೃತಿಕ ಸ್ಥಳಗಳ ಪ್ರವೇಶವೂ ಅದರಲ್ಲಿ ಹಕ್ಕಾಗಿ ಸೇರಿದೆ. ದಾನದ ಪೆಟ್ಟಿಗೆಯಿಂದ ಈ ಹಕ್ಕಿನವರೆಗೆ ಬರಲು ಹಾರ್ಲೆಮಿಗೆ ನಾಲ್ಕು ಶತಮಾನಗಳು ಹಿಡಿದವು. ಅವರಿಗಿಂತ ಮೊದಲು ಸ್ಥಿರೀಕರಿಸಿದವರು ನಾವೆಂಬುದು ಹೆಮ್ಮೆಯ ವಿಷಯವಾಗಬೇಕಾದರೆ, ನಮ್ಮ ಸಭಾಭವನಗಳ, ಗ್ರಂಥಾಲಯಗಳ ಬಾಗಿಲಲ್ಲಿ ಎಷ್ಟು ಮೆಟ್ಟಿಲುಗಳಿವೆಯೆಂದು ಒಮ್ಮೆ ಎಣಿಸಿ ನೋಡಬೇಕು.